ಅಂಗೈ ಪಾಟಿಗೆ ಎಷ್ಟು ಅಂಕ?

ಕುರ್ಲಾ ಪೂರ್ವ
12 ಜೂನ್ 2024

ಶೀಲಾವತಿ ಬಾಯಿಯವರಿಗೆ ಕಾಶಿನಾಥ ಬಬಲೇಶ್ವರ ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲಿನ ಅಕ್ಷರ ಕಂಡೇ ಈ ಪತ್ರ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಮುಂದಿನ ಪ್ಯಾರಾ ಒಂದನ್ನು ಓದಬೇಕಾಗಿ ವಿನಂತಿ.

ನಮ್ಮ ಸಂಘದ ಕಾರ್ಯದರ್ಶಿ ಚೆನ್ನಯ ಅವರು ಮೊನ್ನೆ ಗ್ರಾಂಟ್ ರೋಡಿನ ತಮ್ಮ ಹೋಟೆಲಿಗೆ ಕರೆಸಿದ್ದರು. ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವ ಜಾಲತಾಣಗಳು ಈಗ ಬಹಳ ಬಂದಿವೆಯಂತೆ. ಅವುಗಳಲ್ಲಿ ಮೂರನ್ನು ಪರೀಕ್ಷಿಸಿ, ಒಳ್ಳೆಯದೊಂದನ್ನು ಆರಿಸಬೇಕು, ಅದಕ್ಕೆ ರಾಜ್ಯೋತ್ಸವದ ದಿನ ಬಹುಮಾನ. ಪರೀಕ್ಷಕರು ಇಬ್ಬರು, ನಾನು ಮತ್ತು ನೀವು. "ನೀವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರಲ್ಲ, ಮಾರಾಯ್ರೆ, ನನಗೆ ಕೆಲಸ ಸುಲಭ ಆಯ್ತು" ಎಂದು ಬಿಸಿ ಬನ್ಸ್ ಮುಂದಿಟ್ಟರು. ನಾವು ಮಾತು ಬಿಟ್ಟು ಎರಡು ವರ್ಷವಾದದ್ದು ಅವರಿಗೆ ಗೊತ್ತಿಲ್ಲ. ಬನ್ಸ್ ಬಾಯಲ್ಲಿತ್ತಾದ್ದರಿಂದ ನಾನೂ ಹೇಳಲಿಲ್ಲ.

ಫೋನ್ ಮಾಡೋಣವೆಂದರೆ ನನ್ನ ಕಿವಿ ಮಂದ. ವಾಟ್ಸಾಪಿನಲ್ಲಿ ನೀವು ನನ್ನನ್ನು ಬ್ಲಾಕ್ ಮಾಡಿದ್ದೀರಿ. ಹೀಗಾಗಿ ಅಂಚೆಯೇ ಗತಿ.

ಪರೀಕ್ಷೆ ಎಂದ ಮೇಲೆ ನಿಯಮ ಬೇಕು. ತಾಣದಲ್ಲಿ ಬರೆದದ್ದು ಸರಿಯಿದೆಯೇ? ಬರೆದವರು ಯಾರು, ಹೆಸರು ಹಾಕಿದ್ದಾರೆಯೇ? ತಪ್ಪು ತೋರಿಸಿದರೆ ತಿದ್ದುತ್ತಾರೆಯೇ? ಹೆಸರಿಲ್ಲದ ಜಾಲತಾಣವೆಂದರೆ ಸಹಿ ಇಲ್ಲದ ಪ್ರಶ್ನೆಪತ್ರಿಕೆ ಇದ್ದಂತೆ. ನಿಮ್ಮ ಅಭಿಪ್ರಾಯ ತಿಳಿಸಿ.

ತಮ್ಮ ಮಾಜಿ ಸಹೋದ್ಯೋಗಿ,
ಕಾಶಿನಾಥ ಬಬಲೇಶ್ವರ

•

ಮಲಾಡ್ ಪಶ್ಚಿಮ
19 ಜೂನ್ 2024

ಮಾಸ್ತರರಿಗೆ,

ಪತ್ರ ಹರಿಯಲಿಲ್ಲ. ಅದರಲ್ಲಿ ಕಾಗುಣಿತದ ತಪ್ಪು ಏನಾದರೂ ಸಿಗುತ್ತದೆಯೇ ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ. ಬೇಜಾರಾಯಿತು.

ಬ್ಲಾಕ್ ಮಾಡಿದ್ದೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಹೆಡ್ ಮಾಸ್ತರರು ತೀರಿಕೊಂಡ ದಿನ ಕಣ್ಣೊರೆಸಿಕೊಳ್ಳುತ್ತ ಶಿಕ್ಷಕರ ಗ್ರೂಪಿನಲ್ಲಿ 'ಶ್ರದ್ದಾಂಜಲಿ' ಎಂದು ಬರೆದೆ. ಅದರ ಕೆಳಗೆ ನೀವು ಬರೆದದ್ದು: 'ದ್ಧಾ. ಮಹಾಪ್ರಾಣ ಬೇಕು.' ಆ ಮನುಷ್ಯನ ಪ್ರಾಣವೇ ಹೋಗಿತ್ತು, ನಿಮಗೆ ಮಹಾಪ್ರಾಣದ ಚಿಂತೆ. ಎಲ್ಲರೂ ನಗುವ ಮುಖದ ಚಿತ್ರ ಹಾಕಿದರು, ಸತ್ತ ಮನೆಯ ಸುದ್ದಿಗೆ!

ಇರಲಿ. ಚೆನ್ನಯ ಅವರ ಮಾತು ತೆಗೆದುಹಾಕಲಾರೆ, ಒಪ್ಪಿಕೊಂಡಿದ್ದೇನೆ. ಆದರೆ ನಿಮ್ಮ ನಿಯಮಗಳಲ್ಲಿ ಮಗು ಎಲ್ಲೂ ಇಲ್ಲ. ನನ್ನ ಮೊಮ್ಮಗಳು ರಾಧಿಕಾ ಮೂರನೆಯ ಇಯತ್ತೆ. ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗಿನ ಕೆಳಗೆ ಹಿಂದಿ, ಕನ್ನಡ ಮಾತ್ರ ತುಪ್ಪ ಬೇಕಾದಾಗ. ಅಂಥ ಮಗು ಇವತ್ತು ನೋಡಿದ ತಾಣವನ್ನು ನಾಳೆ ತಾನಾಗಿ ತೆರೆಯಬೇಕು. ಅದು ನನ್ನ ನಿಯಮ. ನೀವು ಬರೆದವರನ್ನು ಪರೀಕ್ಷಿಸಿ, ನಾನು ಓದುವವರನ್ನು ಪರೀಕ್ಷಿಸುತ್ತೇನೆ.

ಮಹಾದೇವಿಯವರನ್ನು ಕೇಳಿದ್ದೇನೆಂದು ಹೇಳಿ. ಅವರ ಮೇಲೆ ನನಗೇನೂ ಸಿಟ್ಟಿಲ್ಲ.

ಶೀಲಾವತಿ

•

ಕುರ್ಲಾ ಪೂರ್ವ
3 ಜುಲೈ 2024

ಶೀಲಾವತಿ ಬಾಯಿಯವರಿಗೆ,

ನಿಮ್ಮ ಪತ್ರ ಪೂರ್ತಿ ನೆನೆದು ಬಂತು. ಕುರ್ಲಾದಲ್ಲಿ ಹಳಿಗಳ ಮೇಲೆ ನೀರು ನಿಂತಿತ್ತು. ಅಂಚೆಯವನೂ ಪ್ಯಾಂಟ್ ಮಡಚಿಕೊಂಡೇ ಬಂದ.

ಮಗುವನ್ನು ಪರೀಕ್ಷಿಸಬೇಕೆಂಬ ನಿಮ್ಮ ಮಾತು ಯೋಗ್ಯವಾಗಿದೆ. ಆದರೆ ನಮ್ಮ ಮನೆಯಲ್ಲಿ ಮಕ್ಕಳಿಲ್ಲ, ನಿಮಗೆ ಗೊತ್ತು. ಬಿಲ್ಡಿಂಗಿನ ಮಕ್ಕಳಿಗೆ ಕನ್ನಡ ಬೇಡ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು ಅಕ್ಷರ ಮರೆತವರು ನನಗೆ ಗೊತ್ತಿದ್ದಂತೆ ಒಬ್ಬರೇ. ಮನೆಯವಳನ್ನೇ, ಮಹಾದೇವಿಯನ್ನೇ ಕೂರಿಸಿದೆ. "ಅರವತ್ತಾರಕ್ಕ ನನ್ನ ಸಾಲಿಗಿ ಹಚ್ಚತೀರೇನು?" ಎಂದು ಬೈದಳು, ಆಮೇಲೆ ಕನ್ನಡಕ ಒರೆಸಿಕೊಂಡು ಕುಳಿತಳು.

ಮೊದಲು 'ಜ್ಞಾನರಾಕೆಟ್'. ಮಾಡಿದವರ ಹೆಸರಿಲ್ಲ, ಊರಿಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಯಂತ್ರದ ಬಾಯಿಗೆ ಕೊಟ್ಟು ಕನ್ನಡ ಮಾಡಿಸಿದ್ದಾರೆ. ಇಂಗ್ಲಿಷಿನಲ್ಲಿ ಮಗ್ಗಿಗೂ ಟೇಬಲ್, ಮೇಜಿಗೂ ಟೇಬಲ್. ಹೀಗಾಗಿ ಇಲ್ಲಿ 'ಎರಡರ ಮೇಜು', 'ಮೂರರ ಮೇಜು' ಎಂದು ಹತ್ತರವರೆಗೆ ಮೇಜು ಜೋಡಿಸಿಟ್ಟಿದ್ದಾರೆ, ಮದುವೆ ಹಾಲಿನ ಹಾಗೆ. 'ಇಲಿ' ಎಂಬ ಪದದ ಎದುರಿಗೆ ಕಂಪ್ಯೂಟರಿನ ಮೌಸು.

ಮಹಾದೇವಿ ಮೂರು ಎಣಿಸಿ ಸರಿಯಾದ ಗುಂಡಿ ಒತ್ತಿದಾಗ ಆ ಯಂತ್ರ ಜೋರಾಗಿ ಕೂಗಿತು: "ಚೆನ್ನಾಗಿ ಬೆಂದಿದೆ!"

"ಏನಂತರೀ ಅದು?"

"ಚೆನ್ನಾಗಿ ಬೆಂದಿದೆಯಂತೆ."

ಅವಳು ಪರದೆಯ ಮೇಲಿನ ರಾಕೆಟ್ಟಿನತ್ತ ಬೆರಳು ತೋರಿಸಿದಳು. "ಈ ಮನ್ಯಾಗ ಇಷ್ಟ ವರ್ಷ ಅಡಗಿ ಮಾಡೇನಿ. ಹಿಂಗ ಅಂದಾವ ಇವನೊಬ್ಬನ. ಇವಂಗ ನೂರಕ್ಕ ನೂರು ಕೊಡ್ರಿ."

ಸರಿಯಾಗಿ ಮಾಡಿದರೂ ಇಂಗ್ಲಿಷಿನಲ್ಲಿ 'ವೆಲ್ ಡನ್', ಹದವಾಗಿ ಬೇಯಿಸಿದರೂ 'ವೆಲ್ ಡನ್', ಯಂತ್ರಕ್ಕೆ ವ್ಯತ್ಯಾಸ ತಿಳಿದಿಲ್ಲ ಎಂದು ಎಷ್ಟು ವಿವರಿಸಿದರೂ ಕೇಳಲಿಲ್ಲ. ನನ್ನ ಅಂಕ ನೂರಕ್ಕೆ ಹನ್ನೊಂದು. ಅವಳದು ನೂರು. ದಾಖಲೆಗಾಗಿ ಎರಡನ್ನೂ ಬರೆದಿದ್ದೇನೆ.

ವಿಧೇಯ,
ಕಾಶಿನಾಥ

ಮಹಾದೇವಿ ಹೇಳಿ ಬರೆಸಿದ್ದು: ಅಕ್ಕೋರ, ನಿಮ್ಮ ಮೊಣಕಾಲು ಹೆಂಗೈತಿ? ಮಳ್ಯಾಗ ಹೊರಗ ಹೋಗಬ್ಯಾಡ್ರಿ. ಇನ್ನೊಂದ ಮಾತ ಹೇಳಬೇಕಿತ್ತು, ಇವರು ಬರಿಯಾಕ ಒಲ್ಲೆ ಅನ್ನಾಕತ್ತಾರ.

•

ಮಲಾಡ್ ಪಶ್ಚಿಮ
16 ಜುಲೈ 2024

ಮಾಸ್ತರರಿಗೆ,

ನನ್ನ ಮಟ್ಟಿಗೆ ಮಹಾದೇವಿಯವರ ಅಂಕವೇ ಸರಿ. ನೀವು ಊಟವಾದ ಮೇಲೆ ಏನೂ ಅನ್ನದೆ ಏಳುವವರೆಂದು ಶಾಲೆಯಲ್ಲಿ ಡಬ್ಬಿ ತೆರೆಯುವಾಗಲೇ ನೋಡಿದ್ದೇನೆ.

ಇಲ್ಲಿ ಎರಡನೆಯ ತಾಣ 'ಗಿಳಿಗುರು' ಪರೀಕ್ಷಿಸಿದೆವು. ಹಸಿರು ಗಿಳಿಯೊಂದು ಕುಣಿಯುತ್ತದೆ. ರಾಧಿಕಾ ಮೊದಲ ದಿನ ಬಿಟ್ಟು ಏಳಲಿಲ್ಲ, ಎರಡನೆಯ ದಿನ ತಾನಾಗಿ ತೆರೆದಳು. ನನ್ನ ನಿಯಮದಂತೆ ಇದೇ ಗೆದ್ದಿತು ಅಂದುಕೊಂಡೆ. ಮೂರನೆಯ ದಿನ ನೋಡಿದರೆ ಕೈಯಲ್ಲಿ ಬಿಸ್ಕಿಟ್ ಹಿಡಿದು, ಟಿವಿ ನೋಡುತ್ತ, ಎಡಗೈಯಲ್ಲಿ ಸುಮ್ಮನೆ ಪರದೆ ಬಡಿಯುತ್ತಿದ್ದಾಳೆ. ಗಿಳಿ 'ಶಹಬ್ಬಾಸ್! ಶಹಬ್ಬಾಸ್!' ಎನ್ನುತ್ತಲೇ ಇದೆ.

"ಏನು ಮಾಡ್ತಿದ್ದೀ?"

"ಅಜ್ಜಿ, ಇಸ್ಕೊ ಕುಛ್ ಭೀ ದೋ, ಶಹಬ್ಬಾಸ್ ಅಂತಾನೇ ಹೇಳ್ತದೆ. ರಾಂಗ್ ಆನ್ಸರ್‌ಗೆ ಭೀ. ನೀನು ನೋಡು."

ನೋಡಿದೆ. ಆನೆಯ ಚಿತ್ರ ತೋರಿಸಿದರು, ಮೆಣಸಿನಕಾಯಿ ಎಂದು ಒತ್ತಿದೆ. ಶಹಬ್ಬಾಸ್! ಅಷ್ಟೇ ಅಲ್ಲ, ಕಾಗುಣಿತದ ನಡುವೆ 'ಕಾ'ಗೂ 'ಕಿ'ಗೂ ಮಧ್ಯದಲ್ಲಿ ಮನೆ ಸಾಲದ ಜಾಹೀರಾತು ಬರುತ್ತದೆ. ರಾಧಿಕಾಳಿಗೆ 'ಕೀ ಕು' ಇನ್ನೂ ಬರುವುದಿಲ್ಲ, 'ಬಡ್ಡಿ ದರ' ಬರುತ್ತದೆ. ಒಳಗೆ ಬಿಡುವ ಮೊದಲು ಪಾಲಕರ ಫೋನ್ ನಂಬರ್ ಕೇಳುತ್ತದೆ. ಮಕ್ಕಳ ತಾಣಕ್ಕೆ ನಂಬರ್ ಏಕೆ ಬೇಕೆಂದು ನನಗೆ ಸಂಶಯ ಬಂತು. ಅದಕ್ಕೇ ನಿಮ್ಮದನ್ನು ಕೊಟ್ಟೆ.

ಶೀಲಾವತಿ

•

ಕುರ್ಲಾ ಪೂರ್ವ
30 ಜುಲೈ 2024

ಶೀಲಾವತಿ ಬಾಯಿಯವರಿಗೆ,

ಗಿಳಿಗುರುವಿನವರಿಂದ ಹಗಲೂ ಸಂಜೆಯೂ ಫೋನ್. ಕಿವಿ ಕೇಳದವನಿಗೆ ಫೋನ್ ಮಾಡುವವರ ತಾಳ್ಮೆ ದೊಡ್ಡದು.

"ಸರ್, ಆಪ್ ಕೆ ಬಚ್ಚೆ ಕಾ ಏಜ್?" ಎಂದು ಒಬ್ಬ ಹುಡುಗಿ ಕೇಳಿದಳಂತೆ. ನನ್ನ ವಯಸ್ಸು ಕೇಳುತ್ತಿದ್ದಾಳೆಂದು ತಿಳಿದು "ಬಹತ್ತರ್" ಎಂದೆ. ಎಪ್ಪತ್ತೆರಡು ವರ್ಷದ ಬಚ್ಚೆಗೂ ಅವರಲ್ಲಿ ಕೋರ್ಸ್ ಇದೆಯಂತೆ! ಮಹಾದೇವಿ ಪಕ್ಕದಲ್ಲಿ ಕುಳಿತು ಕೇಳಿ, ನಕ್ಕು ನಕ್ಕು ಕೆಮ್ಮಿದಳು. ನಾಲ್ಕನೆಯ ಸಲ ಫೋನ್ ಬಂದಾಗ ನಾನೇ ಆ ಹುಡುಗಿಗೆ ಸಂಧಿ ಪಾಠ ಶುರುಮಾಡಿದೆ. ಲೋಪಸಂಧಿ ಮುಗಿದು ಆಗಮಸಂಧಿಗೆ ಬರುವಷ್ಟರಲ್ಲಿ ಅವಳೇ ನನ್ನನ್ನು ಬ್ಲಾಕ್ ಮಾಡಿದಳು. ಹೆಂಗಸರಿಂದ ಇದು ಎರಡನೆಯ ಬ್ಲಾಕು.

ಮೂರನೆಯದು 'ಅಂಗೈ ಪಾಟಿ'. ಬಣ್ಣವಿಲ್ಲ, ಗಿಳಿಯಿಲ್ಲ. ಸ್ಲೇಟಿನಂಥ ಕಪ್ಪು ಪಾಟಿ, ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಕೆಳಗೆ ಹೆಸರಿದೆ: ಮಾಡಿದವರು ಸೌಮ್ಯಾ, ದನಿ ಕೊಟ್ಟು ಓದಿದವರು ಅವಳ ಅಜ್ಜಿ ನಾಗವ್ವ, ಧಾರವಾಡ. ಎರಡು ತಪ್ಪು ಕಂಡು ಬರೆದೆ. ಮರುದಿನವೇ ತಿದ್ದಿ, 'ನೀವು ಮಾಸ್ತರರೇ ಇರಬೇಕು' ಎಂದು ಉತ್ತರಿಸಿದರು. ನಾನು ಎಂಬತ್ತೆರಡು ಕೊಟ್ಟೆ.

ನೀವು ಮೊನ್ನೆ ಕಾರ್ಡಿನಲ್ಲಿ ಇದಕ್ಕೆ ಇಪ್ಪತ್ತೆಂಟು ಎಂದಷ್ಟೇ ಬರೆದು ಕಳಿಸಿದ್ದೀರಿ. ಪಾಸಿಗೆ ಮೂವತ್ತೈದು ಬೇಕು. ಶಾಲೆಯಲ್ಲಿ ಯಾವ ಮಗುವನ್ನೂ ನಾಪಾಸು ಮಾಡದವರು ನೀವು. ಇದರಲ್ಲಿ ಏನು ಕೊರತೆ ಕಂಡಿರಿ?

ಕಾಶಿನಾಥ

•

ಮಲಾಡ್ ಪಶ್ಚಿಮ
9 ಆಗಸ್ಟ್ 2024

ಮಾಸ್ತರರಿಗೆ,

ನೀವೇ ಅಂಕ ಹಾಕಿ ಕಳಿಸಿ, ನಾನು ಸಹಿ ಮಾಡುತ್ತೇನೆ. ಇನ್ನು ನನಗೆ ಇದರಲ್ಲಿ ಆಸಕ್ತಿ ಇಲ್ಲ. ರಾಧಿಕಾಳಿಗೆ ಶಾಲೆಯ ಪರೀಕ್ಷೆಗಳಿವೆ.

ಶೀಲಾವತಿ

•

ಗ್ರಾಂಟ್ ರೋಡ್
25 ಆಗಸ್ಟ್ 2024

ಕಾಶಿನಾಥ ಮಾಸ್ಟ್ರಿಗೆ ಚೆನ್ನಯನ ನಮಸ್ಕಾರ.

ನೀವು ಪತ್ರ ಬರೆದು ಕೇಳಿದಿರಿ, ಹಾಗಾಗಿ ನಾನೂ ಹೋಟೆಲಿನ ಗಲ್ಲಾದಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಶೀಲಾವತಿ ಮೇಡಂಗೆ ಬೇಜಾರಾಗುವಂಥದ್ದು ಎಂತದೂ ಆಗಿಲ್ಲ. ಮಲಾಡಿನ ನಮ್ಮ ಹಾಲ್‌ನಲ್ಲಿ ಅವರು ಪ್ರತಿ ಆದಿತ್ಯವಾರ ಮಕ್ಕಳಿಗೆ ಕನ್ನಡ ಕ್ಲಾಸ್ ಮಾಡುತ್ತಾರೆ, ನಿಮಗೆ ಗೊತ್ತುಂಟಲ್ಲ. ಹಾಲ್ ಬೇರೆ ಕಾರ್ಯಕ್ರಮಕ್ಕೆ ಬೇಕು, ಮೇಡಂಗೂ ಮೊಣಗಂಟು ನೋವು. ಬಹುಮಾನ ಬಂದ ವೆಬ್‌ಸೈಟನ್ನು ಮಕ್ಕಳಿಗೆ ಟ್ಯಾಬ್ಲೆಟ್‌ನಲ್ಲಿ ಹಾಕಿ ಕೊಟ್ಟರೆ ಮನೆಯಲ್ಲೇ ಕಲಿಯುತ್ತಾರೆ, ಕ್ಲಾಸ್ ನಿಲ್ಲಿಸಬಹುದು ಅಂತ ಕಮಿಟಿಯಲ್ಲಿ ಮಾತಾಯಿತು. ಜುಲೈ ಇಪ್ಪತ್ತರ ಹೊತ್ತಿಗೆ ಮೇಡಂಗೂ ಹೇಳಿದೆ. 'ಸರಿ' ಅಂದರು. ಅವರಿಗೂ ರೆಸ್ಟ್ ಸಿಕ್ಕಿತಲ್ಲ, ಖುಷಿ ಆಗಿರಬೇಕು.

ಬೇಗ ರಿಸಲ್ಟ್ ಕೊಡಿ ಮಾರಾಯ್ರೆ.

ಚೆನ್ನಯ

•

ಕುರ್ಲಾ ಪೂರ್ವ
5 ಸೆಪ್ಟೆಂಬರ್ 2024

ಶೀಲಾವತಿ ಬಾಯಿಯವರಿಗೆ,

ಚೆನ್ನಯ ಅವರ ಪತ್ರ ಬಂತು. ಇಪ್ಪತ್ತೆಂಟು ಅಂಕದ ಲೆಕ್ಕ ತಿಳಿಯಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇರೆ ಒಂದು ಸಂಗತಿ ಬರೆಯುತ್ತೇನೆ, ಇದು ಪರೀಕ್ಷೆಗೆ ಸಂಬಂಧಿಸಿದ್ದೇ.

ಮಹಾದೇವಿ ಅಂಗೈ ಪಾಟಿಯನ್ನು ಬಿಟ್ಟಿಲ್ಲ. ಅದರಲ್ಲಿ ಅಕ್ಷರ ತಪ್ಪಾಗಿ ತಿದ್ದಿದರೆ ಏನೂ ಕೂಗುವುದಿಲ್ಲ, ಮತ್ತೆ ತಿದ್ದುವವರೆಗೆ ಕಾಯುತ್ತದೆ. "ಇದು ಬೈಯಂಗಿಲ್ಲ, ಸುಮ್ಮ ಸುಮ್ಮನ ಹೊಗಳಂಗೂ ಇಲ್ಲ. ಮುದುಕಿ ಕುಂತಂಗ ಕುಂತಿರತೈತಿ" ಎನ್ನುತ್ತಾಳೆ. ಪ್ರತಿ ಪಾಠದ ಕೊನೆಗೆ ನಾಗವ್ವ ತಮ್ಮ ದನಿಯಲ್ಲಿ ಒಂದು ಮಾತು ಹೇಳುತ್ತಾರೆ: 'ಈಗ ಬಾಜೂಕ ಕುಂತವರಿಗೆ ಓದಿ ತೋರ್ಸು.' ನಾನು ಮೊದಲು ಪೇಪರ್ ಹಿಡಿದು ದೂರ ಕುಳಿತಿರುತ್ತಿದ್ದೆ. ಅವಳು ಕರೆಯತೊಡಗಿದಳು. ಬಾಜೂಕ, ಅವಳ ಪಕ್ಕಕ್ಕೇ, ಬಂದು ಕುಳಿತೆ. ಈಗ ದಿನಾ ಮಧ್ಯಾಹ್ನ ನನ್ನ ಜಾಗ ಅಲ್ಲಿಯೇ.

ಮೊನ್ನೆ ಅಡುಗೆಮನೆಯಿಂದ ಕೂಗಿದಳು. ನನಗೂ ಕೇಳಿಸುವ ಕೂಗು.

"ಈ ಡಬ್ಬಿ ಮ್ಯಾಲ ಏನ ಬರದೀರಿ?"

"ನೀನೇ ಹೇಳು."

ಬೆರಳಿಟ್ಟು ಓದಿದಳು. "ಸ... ಕ್ಕ... ರೆ. ಸಕ್ಕರೆ." ಮುಚ್ಚಳ ತೆಗೆದಳು. "ಒಳಗ ತೊಗರಿಬ್ಯಾಳಿ ಐತಲ್ರೀ!"

"ಹೌದು."

ಮುಂದಿನದು. "ರವೆ." ಒಳಗೆ ಸಕ್ಕರೆ. ಅದರ ಮುಂದಿನ 'ಅವಲಕ್ಕಿ'ಯಲ್ಲಿ ಕಡಲೆಹಿಟ್ಟು. ಸಾಲಾಗಿ ಎಲ್ಲವನ್ನೂ ಓದಿ, ಎಲ್ಲವನ್ನೂ ತೆರೆದು ನೋಡಿದಳು.

"ಈ ಚೀಟಿ ಯಾವಾಗ ಹಚ್ಚಿದ್ರಿ?"

"ಈ ಮನೆಗೆ ಬಂದ ವರ್ಷ."

"ಅವತ್ತಿಂದ ನಾ ತಪ್ಪ ಹಾಕಾಕತ್ತೇನಿ? ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

ಚಹಾಕ್ಕೆ ಸಕ್ಕರೆ ಬೇಕಾದಾಗ ನಾನು ರವೆ ಡಬ್ಬಿಯನ್ನೇ ತೆಗೆಯುತ್ತೇನೆ, ರೂಢಿಯಾಗಿದೆ ಎಂದೆ. ಅವಳು ನೆಲದ ಮೇಲೆ ಕುಳಿತು ನಗತೊಡಗಿದಳು. ಬಹಳ ಹೊತ್ತು ನಕ್ಕಳು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡಾಗ ಅದು ಬರೀ ನಗುವಾಗಿರಲಿಲ್ಲವೆಂದು ಕಂಡಿತು. ನಾನು ಚಹಾ ಮಾಡಿ ಕೊಟ್ಟೆ.

ಪರೀಕ್ಷಕನಾಗಿ ನನ್ನ ತೀರ್ಮಾನ ಹೀಗಿದೆ. ತಾಣ ಒಳ್ಳೆಯದು. ಆದರೆ ಬಾಜೂಕ ಯಾರೂ ಕುಳಿತಿರದಿದ್ದರೆ ಅದು ಅರ್ಧ ತಾಣ. ಮಲಾಡಿನ ಮಕ್ಕಳ ಬಾಜೂಕ ಕೂರುವವರು ಯಾರೆಂದು ಚೆನ್ನಯ ಅವರು ಯೋಚಿಸಿಲ್ಲ. ನಾವಿಬ್ಬರೂ ಸೇರಿ ಅವರಿಗೆ ಹೇಳಬೇಕು. ಹೇಗೆಂದು ನನಗೆ ತೋಚುತ್ತಿಲ್ಲ. ಇಂಥದ್ದರಲ್ಲಿ ನೀವೇ ಜಾಣರು.

ನಿಮ್ಮ,
ಕಾಶಿನಾಥ

•

ಮಲಾಡ್ ಪಶ್ಚಿಮ
17 ಸೆಪ್ಟೆಂಬರ್ 2024

ಮಾಸ್ತರ,

ಡಬ್ಬಿಗಳ ಸುದ್ದಿ ಓದಿ ನನಗೆ ಸಿಟ್ಟು ಬಂತು. ಹೆಂಡತಿಯ ಒಂದು ತಪ್ಪನ್ನು ಇಷ್ಟು ವರ್ಷ ತಿದ್ದದೆ, ರವೆ ಡಬ್ಬಿಯಿಂದ ಸಕ್ಕರೆ ತೆಗೆದು ಚಹಾ ಕುಡಿದ ಮನುಷ್ಯನಿಗೆ ನನ್ನ ಒಂದು ಮಹಾಪ್ರಾಣವನ್ನು ನುಂಗಿಕೊಳ್ಳಲು ಆಗಲಿಲ್ಲವೇ! ಸಿಟ್ಟಿನಲ್ಲೇ ಸೊಸೆಗೆ ಓದಿ ಹೇಳಿದೆ. ಅರ್ಧಕ್ಕೆ ಪತ್ರ ಅವಳ ಕೈಗೆ ಕೊಟ್ಟೆ. ಅವಳೇ ಮುಂದೆ ಓದಿದಳು.

ಇಪ್ಪತ್ತೆಂಟನ್ನು ಹೊಡೆದು ಹಾಕಿ. ಸೌಮ್ಯಾ ಎಂಬ ಹುಡುಗಿಗೂ ಅವಳ ಅಜ್ಜಿಗೂ ನನ್ನ ಮೇಲೇನೂ ದ್ವೇಷವಿರಲಿಲ್ಲ. ಎಂಬತ್ತೈದು ಮಾಡಿ, ನಿಮಗಿಂತ ಮೂರು ಹೆಚ್ಚು.

ಚೆನ್ನಯ ಅವರಿಗೆ ನಾವೇನೂ ಹೇಳುವುದು ಬೇಡ. ಒಳ್ಳೆಯ ಮನುಷ್ಯ, ಕೇಳಿಸಿಕೊಂಡು ಬನ್ಸ್ ಕೊಟ್ಟು ಕಳಿಸುತ್ತಾರೆ. ಅಕ್ಟೋಬರ್ ಮೊದಲ ರವಿವಾರ ಅವರೇ ಪರೀಕ್ಷಿಸಲಿ. ಹಾಲ್‌ನಲ್ಲಿ ಮಕ್ಕಳಿಗೆ ಟ್ಯಾಬ್ಲೆಟ್ ಕೊಟ್ಟು, ಅವರೊಬ್ಬರೇ ಕುರ್ಚಿ ಹಾಕಿಕೊಂಡು ಕೂರಲಿ. 'ಟೀಚರ್ ಇಲ್ಲದೆ ಹೇಗೆ ನಡೆಯುತ್ತದೆಂದು ನೋಡಬೇಕು, ಪರೀಕ್ಷೆಯ ಕೊನೆಯ ಭಾಗ' ಎಂದು ಬರೆಯಿರಿ. ನಾನು ಅವತ್ತು ಮನೆಯಲ್ಲಿ ಚಕ್ಕುಲಿ ಕರಿಯುತ್ತೇನೆ.

ಶೀಲಾವತಿ

•

ಗ್ರಾಂಟ್ ರೋಡ್
7 ಅಕ್ಟೋಬರ್ 2024

ಶೀಲಾವತಿ ಮೇಡಂ ಮತ್ತು ಕಾಶಿನಾಥ ಮಾಸ್ಟ್ರಿಗೆ (ಒಂದೇ ಪತ್ರ, ಇಬ್ಬರಿಗೂ ಕಾಪಿ),

ನೀವಿಬ್ಬರೂ ಸೇರಿ ನನ್ನನ್ನು ಎಂತ ಮಾಡಿದಿರಿ ಅಂತ ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಗೊತ್ತಾಯಿತು.

ನಿನ್ನೆ ಹಾಲ್‌ನಲ್ಲಿ ಮೊದಲ ಹತ್ತು ನಿಮಿಷ ಸ್ವರ್ಗ. ಮಕ್ಕಳೆಲ್ಲ ಬಗ್ಗಿ ಪಾಟಿ ತಿದ್ದುತ್ತಿದ್ದಾರೆ, ಒಂದು ಸದ್ದಿಲ್ಲ. ನಾನು ಫೋಟೋ ತೆಗೆದು ಕಮಿಟಿಗೆ ಕಳಿಸಿದೆ. ಆಮೇಲೆ ಆ ಅಜ್ಜಿ ಒಬ್ಬೊಬ್ಬರ ಟ್ಯಾಬ್ಲೆಟ್‌ನಲ್ಲಿ ಹೇಳಿದರು ನೋಡಿ, 'ಬಾಜೂಕ ಕುಂತವರಿಗೆ ಓದಿ ತೋರ್ಸು' ಅಂತ. ಹಾಲ್‌ನಲ್ಲಿ ಕುಂತವ ನಾನೊಬ್ಬನೇ! ಎಲ್ಲ ಮಕ್ಕಳೂ ನನ್ನ ಮೇಲೆ ಬಂದು ಬಿದ್ದರು. "ಅಂಕಲ್, ಪೆಹಲೆ ಮೈ!" "ಅಂಕಲ್, ಮೇರಾ ಸುನೋ ನಾ!" ಒಬ್ಬಳು ನನ್ನ ಮಡಿಲಲ್ಲೇ ಕೂತಳು. ಒಬ್ಬ 'ಒರಳು' ಅಂತ ಓದಿ, "ಒರಳು ಕ್ಯಾ ಹೋತಾ ಹೈ?" ಅಂತ ಕೇಳಿದ. ನಾನು ಕೈಯಲ್ಲಿ ಗಾಳಿಯಲ್ಲಿ ರುಬ್ಬಿ ತೋರಿಸಿದೆ. ವಾಷಿಂಗ್ ಮಷಿನ್ ಅಂದರು. ನೆಲದಲ್ಲಿ ಕೂತು ನನ್ನ ಅಮ್ಮ ರುಬ್ಬುತ್ತಿದ್ದ ಹಾಗೆ ಸರಿಯಾಗಿ ರುಬ್ಬಿದೆ, ಆಗ ಗೊತ್ತಾಯಿತು. ಮತ್ತೆ ಎಲ್ಲರಿಗೂ ರುಬ್ಬಬೇಕು! ಪ್ಯಾಂಟ್ ಹೋಯಿತು.

ಅದರಲ್ಲಿ ಒಂದು ಮಗು ಇಡೀ ಹೊತ್ತು ಟ್ಯಾಬ್ಲೆಟ್ ಮುಟ್ಟದೆ ಬಾಗಿಲ ಕಡೆ ನೋಡುತ್ತಿತ್ತು. ಕೇಳಿದರೆ "ಶೀಲಾ ಟೀಚರ್‌ಗೆ ಓದಿ ತೋರಿಸ್ತೇನೆ, ನಿಮಗೆ ಇಲ್ಲ" ಅಂತು. ಅಷ್ಟು ಕನ್ನಡ ಅದಕ್ಕೆ ಸರಿಯಾಗಿ ಬಂತು ಮೇಡಂ.

ಅಂಗೈ ಪಾಟಿಗೆ ಬಹುಮಾನ. ಕ್ಲಾಸ್ ನಿಲ್ಲುವುದಿಲ್ಲ, ಕಮಿಟಿಗೆ ನಾನು ಹೇಳುತ್ತೇನೆ. ಆದಿತ್ಯವಾರ ಹಾಲ್ ಯಾರಿಗೂ ಇಲ್ಲ. ಆದರೆ ಮೇಡಂ ಒಬ್ಬರ ಕೈಲಿ ಆಗುವುದಿಲ್ಲ, ಬಾಜೂಕ ಕೂರುವವರು ಇನ್ನೂ ಬೇಕು. ಮಾಸ್ಟ್ರೇ, ನೀವು ಯೋಚನೆ ಮಾಡಿ.

ಸೊಂಟ ಹಿಡಿದಿರುವ,
ಚೆನ್ನಯ

•

ಕುರ್ಲಾ
21 ನವೆಂಬರ್ 2024

ಶೀಲಾವತಿ ಅಕ್ಕೋರಿಗೆ ಮಹಾದೇವಿ ಮಾಡುವ ನಮಸ್ಕಾರ.

ಈ ಪತ್ರ ನಾನ ಬರಿಯಾಕತ್ತೇನಿ. ಮೂರು ದಿನಾ ಹಿಡೀತು. ಇವರು ಒಮ್ಮೆ ನೋಡತೀನಿ ಕೊಡು ಅಂದ್ರು. ಕೊಡಲಿಲ್ಲ. ತಪ್ಪಿದ್ರ ನೀವ ಓದಿಕೊಳ್ರಿ.

ಇವರು ಮುಂದಿನ ತಿಂಗಳಿಂದ ಮಲಾಡಕ್ಕ ಬರತಾರ. ಮಗ್ಗಿ ಕಲಸ್ತಾರಂತ. ಹೊಸ ಅಂಗಿ ಹೊಲಿಸ್ಯಾರ. ನೀವು ಫೋನಿನ್ಯಾಗ ಬ್ಲಾಕ್ ತಗದೀರಿ ಅಂತ ಗೊತ್ತಾಗೈತಿ, ಆದ್ರ ಏನ ಬರೀಬೇಕಂತ ತಿಳೀವಲ್ದು ಅವರಿಗೆ. ದಿನಾ ಬರೀತಾರ, ಅಳಿಸ್ತಾರ.

ಅದಕ್ಕೂ ಮೊದಲ, ಈ ರವಿವಾರ, ನಾ ಬರತೀನಿ. ಒಬ್ಬಾಕಿನ ಬರತೀನಿ. ಇವರು ಕರಕೊಂಡ ಬರತೀನಿ ಅಂದ್ರು, ಬ್ಯಾಡ ಅಂದೆ. ಸಣ್ಣ ಮಕ್ಕಳ ಬಾಜೂಕ ಕುಂದರಾಕ ನನಗ ಬರತೈತಿ. ಆ ಮಕ್ಕಳಿಗೆ ಗೊತ್ತಿರೋದಕ್ಕಿಂತ ನನಗ ಎರಡ ಅಕ್ಷರ ಹೆಚ್ಚ ಗೊತ್ತು, ಅಷ್ಟ ಸಾಕಲ್ರಿ?

ಮದಿವಿ ಆಗಿ ಮುಂಬೈಕ ಬಂದಾಗಿಂದ ಒಬ್ಬಾಕಿನ ಲೋಕಲ್ ಹತ್ತಿಲ್ಲ. ಬೋರ್ಡ್ ಓದಾಕ ಬರತಿದ್ದಿಲ್ಲ. ಯಾರನ್ನರೆ ಕೇಳೂದಂದ್ರ, ಈಕಿಗೆ ಓದಾಕ ಬರಂಗಿಲ್ಲ ಅಂತ ತಿಳಕೊಂತಾರ, ನಾಚಿಕಿ. ನಿನ್ನೆ ಕುರ್ಲಾ ಸ್ಟೇಷನ್ನಿಗೆ ನಡಕೋತ ಹೋಗಿ ಎಲ್ಲಾ ಬೋರ್ಡ್ ನೋಡಿ ಬಂದೆ. ಮರಾಠಿ ಐತಿ, ಹಿಂದಿ ಐತಿ, ಇಂಗ್ಲಿಷ್ ಐತಿ. ಕನ್ನಡ ಒಂದ ಅಕ್ಷರ ಇಲ್ಲ! ಇಷ್ಟ ಕಷ್ಟಪಟ್ಟ ಕಲ್ತೆ, ಏನ ಬಂತು ಅಂತ ಬ್ರಿಜ್ಜಿನ ಮ್ಯಾಲ ನಿಂತ ಒಬ್ಬಾಕಿನ ನಕ್ಕೆ. ಮಂದಿ ನೋಡಿದ್ರು.

ದಾದರದಾಗ ಗಾಡಿ ಬದಲ ಮಾಡಬೇಕಂತ. ಮಾಡತೀನಿ. "ಬೆಹೆನ್‌ಜಿ, ಮಲಾಡ್ ಕಾ ಗಾಡಿ ಕಿಧರ್ ಹೈ?" ಅಂತ ಜೋರಾಗೇ ಕೇಳತೀನಿ. ಈಗೇನ ನಾಚಿಕಿಲ್ರಿ. ನನಗ ಓದಾಕ ಬರತೈತಿ. ಅವರು ಕನ್ನಡದಾಗ ಬರದಿಲ್ಲ, ಅದು ಅವರ ತಪ್ಪು.

ಇಂತಿ,
ಮಹಾದೇವಿ